ಹಿಗ್ಗುವ ಬೇಬಿ ರ‍್ಯಾಪ್ ಕಟ್ಟುವಾಗ ಬಿಗಿ ಎಷ್ಟಿರಬೇಕು?

ಹಿಗ್ಗುವ ಬೇಬಿ ರ‍್ಯಾಪ್ ಎಂದರೆ ಮಗುವನ್ನು ಎದೆಗೆ ಕಟ್ಟಿಕೊಳ್ಳಲು ಬಳಸುವ, ಟಿ-ಶರ್ಟಿನಂಥ ಬಟ್ಟೆಯ, ಸುಮಾರು 5 ಮೀಟರ್ ಉದ್ದದ ಒಂದೇ ಪಟ್ಟಿ. ಇದಕ್ಕೆ ಬಕಲ್ ಇಲ್ಲದಿರುವುದರಿಂದ ಮಗುವಿನ ಭದ್ರತೆಯೆಲ್ಲ ಕಟ್ಟುವವರ ಕೈಯಲ್ಲಿದೆ. ಹಳೆಯ ಸೀರೆಯಲ್ಲಿ ಜೋಲಿ ಕಟ್ಟಿ ಮಗುವನ್ನು ತೂಗಿದ ಮನೆಗಳಿಗೆ ಬಟ್ಟೆಯನ್ನು ನಂಬುವುದು ಹೊಸದಲ್ಲ. ಆದರೆ ಸೀರೆ ಹಿಗ್ಗುವುದಿಲ್ಲ, ಇದು ಹಿಗ್ಗುತ್ತದೆ. ಮೊದಲು ಖಾಲಿ ಕಟ್ಟಿಕೊಂಡು ಆಮೇಲೆ ಮಗುವನ್ನು ಒಳಗೆ ಕೂರಿಸುವ ಕ್ರಮವಾದ್ದರಿಂದ, ಭಾರ ಬಿದ್ದಾಗ ಬಟ್ಟೆ ಎಷ್ಟು ಇಳಿದೀತು ಎಂಬುದನ್ನು ಮುಂಚೆಯೇ ಅಂದಾಜು ಮಾಡಬೇಕು.

ಪಟ್ಟಿಯ ನಡುಭಾಗವನ್ನು ಎದೆಯ ಮೇಲೆ ಅಡ್ಡಲಾಗಿ ಇಟ್ಟು, ಎರಡೂ ತುದಿಗಳನ್ನು ಕಂಕುಳ ಕೆಳಗಿನಿಂದ ಬೆನ್ನಿಗೆ ಒಯ್ದು, ಅಲ್ಲಿ ಕತ್ತರಿಯಂತೆ ದಾಟಿಸಿ, ಹೆಗಲುಗಳ ಮೇಲಿನಿಂದ ಮುಂದಕ್ಕೆ ತರಬೇಕು. ಅವನ್ನು ಅಡ್ಡಪಟ್ಟಿಯ ಒಳಗಿನಿಂದ ಕೆಳಕ್ಕೆ ಇಳಿಸಿ, ಮತ್ತೊಮ್ಮೆ ಕತ್ತರಿ ಹಾಕಿ, ಸೊಂಟ ಸುತ್ತಿಸಿ ಎರಡು ಗಂಟು ಹಾಕಬೇಕು. ಹೆಗಲ ಮೇಲೆ ಬಟ್ಟೆ ಹಗ್ಗದಂತೆ ಮುದುರಿದರೆ ಅರ್ಧ ಗಂಟೆಯಲ್ಲಿ ಕತ್ತಿನ ಬುಡ ನೋಯತೊಡಗುತ್ತದೆ. ರವಿಕೆಯ ತೋಳಿನ ಹೊಲಿಗೆ ಬರುವವರೆಗೂ ಅದನ್ನು ಅಗಲವಾಗಿ ಹರಡಿಕೊಳ್ಳಬೇಕು.

ಮಗುವಿಗೆ ಉಸಿರು ಕಟ್ಟೀತು ಎಂಬ ಭಯದಿಂದ ಹೆಚ್ಚಿನವರು ಇದನ್ನು ಸಡಿಲವಾಗಿ ಕಟ್ಟುತ್ತಾರೆ. ನಾನೂ ಮೊದಲ ದಿನ ದೊಗಳೆ ನೈಟಿಯ ಮೇಲೆ ಹಾಗೆಯೇ ಕಟ್ಟಿಕೊಂಡಿದ್ದೆ. ಹತ್ತು ನಿಮಿಷದೊಳಗೆ ಮಗು ಹೊಟ್ಟೆಯವರೆಗೆ ಜಾರಿ, ಬೆನ್ನು ಬಾಗಿ, ಗದ್ದ ಎದೆಗೆ ಒತ್ತಿಕೊಂಡಿತ್ತು. ಉಸಿರಿಗೆ ಅಪಾಯ ಬರುವುದೇ ಹೀಗೆ ಕುಸಿದು ಕೂತಾಗ, ಏಕೆಂದರೆ ಎಳೆ ಮಗುವಿಗೆ ಕತ್ತನ್ನು ತಾನೇ ಎತ್ತಿಕೊಳ್ಳುವ ಬಲವಿರುವುದಿಲ್ಲ. ಖಾಲಿ ರ‍್ಯಾಪ್ ಮೈಗೆ ಅಂಟಿದ ಬನಿಯನ್ನಿನಂತಿರಬೇಕು: ಅಂಗೈ ಒಳಗೆ ತೂರಬೇಕು, ಆದರೆ ಬಟ್ಟೆ ಮೈಯಿಂದ ದೂರ ನಿಲ್ಲಬಾರದು.

ಮಗುವನ್ನು ಹೆಗಲ ಮೇಲೆ ಎತ್ತರಕ್ಕೆ ಹಿಡಿದು, ಹೆಗಲಿನಿಂದ ಬಂದು ಎದೆಯ ಮೇಲೆ ಕತ್ತರಿಯಾದ ಎರಡು ಪಟ್ಟಿಗಳಲ್ಲಿ ಮೈಗೆ ಹತ್ತಿರವಿರುವುದರೊಳಗೆ ಮೊದಲು ಒಂದು ಕಾಲನ್ನು, ಹೊರಗಿನ ಪಟ್ಟಿಯೊಳಗೆ ಇನ್ನೊಂದು ಕಾಲನ್ನು ಇಳಿಸಬೇಕು. ಎರಡೂ ಪಟ್ಟಿಗಳನ್ನು ಒಂದು ಮಂಡಿಯ ಹಿಂಬದಿಯಿಂದ ಇನ್ನೊಂದರವರೆಗೆ ಬಿಡಿಸಿ ಹರಡಬೇಕು. ಮಂಡಿಗಳು ಕುಂಡೆಗಿಂತ ಮೇಲಿದ್ದು, ಕಾಲುಗಳು ಕಪ್ಪೆಯಂತೆ ಅಗಲಿರುವುದು ಸೊಂಟದ ಕೀಲುಗಳಿಗೂ ಒಳ್ಳೆಯದು. ಕೊನೆಗೆ ಅಡ್ಡಪಟ್ಟಿಯನ್ನು ಮಗುವಿನ ಬೆನ್ನಿನ ಮೇಲಕ್ಕೆ, ಕತ್ತಿನ ಬುಡದವರೆಗೆ ಎಳೆದರೆ ಮೂರು ಪದರಗಳಾಗುತ್ತವೆ; ಹಿಗ್ಗುವ ಬಟ್ಟೆಯಲ್ಲಿ ಈ ಮೂರೂ ಇರಲೇಬೇಕು.

ಈಗ ಮಗುವಿನ ಬೆನ್ನಿಗೆ ಕೈಯಾಸರೆ ಕೊಟ್ಟು ನಿಧಾನವಾಗಿ ಮುಂದಕ್ಕೆ ಬಗ್ಗಿ ನೋಡಬೇಕು. ಮಗು ಎದೆಯಿಂದ ಬೇರ್ಪಟ್ಟು ತೂಗಿದರೆ ಕಟ್ಟು ಸಡಿಲವೆಂದೇ ಅರ್ಥ. ಸಡಿಲು ಅಲ್ಪವಾಗಿದ್ದರೆ ಒಂದು ಕೈಯನ್ನು ಮಗುವಿನ ಅಡಿಗಿಟ್ಟು, ಗಂಟು ಬಿಚ್ಚಿ, ಒಂದೊಂದೇ ತುದಿಯನ್ನು ಎಳೆದು ಬಿಗಿಗೊಳಿಸಬಹುದು. ಹೆಚ್ಚಾಗಿದ್ದರೆ ಮಗುವನ್ನು ಹೊರತೆಗೆದು ಮೊದಲಿನಿಂದ ಕಟ್ಟುವುದೇ ಲೇಸು. ತಲೆ ಬಗ್ಗಿಸಿದರೆ ಮಗುವಿನ ನೆತ್ತಿಗೆ ಮುತ್ತಿಡುವಷ್ಟು ಎತ್ತರ, ಗದ್ದದ ಕೆಳಗೆ ಎರಡು ಬೆರಳು ಹಿಡಿಸುವಷ್ಟು ಜಾಗ, ಸದಾ ಕಣ್ಣಿಗೆ ಕಾಣುವ ಮುಖ, ಬಟ್ಟೆ ಮುಚ್ಚದ ಮೂಗು: ಇಷ್ಟನ್ನು ನಿದ್ದೆ ಹತ್ತಿದ ಮೇಲೂ ಪದೇ ಪದೇ ನೋಡುತ್ತಿರಬೇಕು. ರ‍್ಯಾಪಿನಲ್ಲೇ ಹಾಲುಣಿಸಲು ಮಗುವನ್ನು ಕೆಳಗಿಳಿಸಿದ್ದರೆ, ಕುಡಿದಾದ ಕೂಡಲೇ ಮೊದಲಿನ ಎತ್ತರಕ್ಕೆ ತಂದು ಬಿಗಿ ಮಾಡಬೇಕು.

ಹಿಗ್ಗುವ ರ‍್ಯಾಪಿನಲ್ಲಿ ಮಗುವನ್ನು ಬೆನ್ನಿಗೆ ಕಟ್ಟಬಾರದು, ಏಕೆಂದರೆ ಮಗು ಹಿಂದಕ್ಕೆ ಚಾಚಿದರೆ ಬಟ್ಟೆಯೂ ಜೊತೆಗೆ ಹಿಗ್ಗುತ್ತದೆ. ಒಲೆಯ ಮುಂದೆ, ಸ್ಕೂಟರಿನ ಮೇಲೆ, ಕಾರಿನಲ್ಲಿ ಇದರ ಬಳಕೆ ಸಲ್ಲದು. ಅವಧಿಗೆ ಮೊದಲೇ ಹುಟ್ಟಿದ ಅಥವಾ ತೂಕ ಕಡಿಮೆಯಿರುವ ಶಿಶುವಾದರೆ ಮಕ್ಕಳ ವೈದ್ಯರನ್ನು ಕೇಳಿಯೇ ಬಳಸಬೇಕು. ತೂಕದ ಮಿತಿಗೆ ರ‍್ಯಾಪಿನ ಲೇಬಲ್ ನೋಡಬೇಕು. ನಮ್ಮ ಬೇಸಿಗೆಯಲ್ಲಿ ಮೂರು ಪದರದ ಬಟ್ಟೆಯೇ ಸಾಕಷ್ಟು ಬೆಚ್ಚಗಾಗುವುದರಿಂದ ಮಗುವಿಗೆ ತೆಳು ಹತ್ತಿಯ ಜುಬ್ಬವೊಂದು ಸಾಕು. ಕತ್ತಿನ ಹಿಂಭಾಗ ಬೆವತು ಬಿಸಿಯಾಗಿದ್ದರೆ ಹೊರತೆಗೆಯಬೇಕು. ಕೆಲವು ದಿನ ಬಳಸಿದ ಮೇಲೆ ಬಟ್ಟೆ ಜೋತುಬೀಳುತ್ತದೆ. ಒಗೆದು ನೆರಳಿನಲ್ಲಿ ಒಣಗಿಸಿದರೆ ಬಹುಮಟ್ಟಿಗೆ ಮೊದಲಿನ ಬಿಗಿಗೆ ಮರಳುತ್ತದೆ.