ಮನೆ ಸರ್ವರ್: ಮೊದಲ ರೊಕ್ಕ ಕರೆಂಟಿಗೆ

ಫೋಟೋಗೆ ಇಮ್ಮಿಚ್, ಫೈಲಿಗೆ ನೆಕ್ಸ್ಟ್‌ಕ್ಲೌಡ್ ಎಂಬ ತಂತ್ರಾಂಶ ಹಾಕಿ ಮನೆಯಲ್ಲೇ ಸರ್ವರ್ (ಹಗಲಿರುಳು ಓಡುವ ಕಂಪ್ಯೂಟರ್) ಹಚ್ಚುವವರು ಪ್ರೊಸೆಸರ್ ಯಾವುದು ಎಂದೇ ತಲೆ ಕೆಡಿಸಿಕೊಳ್ಳುತ್ತಾರೆ. ಹುಬ್ಬಳ್ಳಿ-ಧಾರವಾಡ, ಗದಗ ಕಡೆ ಮೊದಲು ಯೋಚಿಸಬೇಕಾದದ್ದು ಹೋಗಿ ಬರುವ ಕರೆಂಟು ಮತ್ತು ಸಿಡಿಲು.

ಕಂಪ್ಯೂಟರ್ ವಿಷಯ ಎರಡೇ ಮಾತಲ್ಲಿ ಮುಗಿಯುತ್ತದೆ. ಆಫೀಸಿನಿಂದ ಹೊರಬಿದ್ದ ಮಿನಿ ಪಿಸಿ, 8ನೇ ಪೀಳಿಗೆಯ ಐ5, 16 ಜಿಬಿ ರ‍್ಯಾಮ್ ಸಾಕು. ಅದು ಸರಾಸರಿ 20 ವ್ಯಾಟ್ ಎಳೆದರೆ ತಿಂಗಳಿಗೆ 14–15 ಯೂನಿಟ್. ಪುಕ್ಕಟೆ ಸಿಕ್ಕ ಹಳೆ ಡೆಸ್ಕ್‌ಟಾಪ್ 70 ವ್ಯಾಟ್ ಎಳೆದರೆ 50 ಯೂನಿಟ್. ಅದರ ಬೆಲೆಯನ್ನು ಹೆಸ್ಕಾಂ ಬಿಲ್ಲಿನಲ್ಲಿ ಕಟ್ಟುತ್ತೀರಿ. ಅಟ್ಟದ ಮೇಲೆ ಇಡಬೇಡಿ, ಬೇಸಿಗೆಯಲ್ಲಿ ಡಿಸ್ಕ್ ಬೇಯುತ್ತದೆ.

ಇನ್ನು ಅರ್ಥಿಂಗ್. ಎರೆಭೂಮಿ ಬೇಸಿಗೆಯಲ್ಲಿ ಬಿರುಕು ಬಿಟ್ಟಾಗ ಅರ್ಥ್ ಗುಂಡಿಯೂ ಒಣಗುತ್ತದೆ. ಮಲ್ಟಿಮೀಟರಿನಲ್ಲಿ ನ್ಯೂಟ್ರಲ್–ಅರ್ಥ್ ನಡುವೆ 3 ವೋಲ್ಟ್ ದಾಟಿದರೆ ಗುಂಡಿಗೆ ನೀರು ಹಾಕಿ ನೋಡಿ, ಇಳಿಯದಿದ್ದರೆ ಎಲೆಕ್ಟ್ರಿಷಿಯನ್ನರನ್ನು ಕರೆಯಿರಿ. ಯುಗಾದಿಯಿಂದ ರೋಹಿಣಿ ಮಳೆಯವರೆಗೆ ಗುಡುಗು-ಸಿಡಿಲಿನ ಕಾಲ. ಮಾಳಿಗೆಯ ಕ್ಯಾಮೆರಾದಿಂದ ಇಳಿದ ತಾಮ್ರದ ಲ್ಯಾನ್ ಕೇಬಲ್ ಸರ್ವರಿನ ಸ್ವಿಚ್ಚಿಗೇ ಸೇರಿದ್ದರೆ ಸಿಡಿಲಿನ ಹೊಡೆತ ಅದರೊಳಗಿಂದಲೇ ಬರುತ್ತದೆ. ನಡುವೆ ಎರಡು ಮೀಡಿಯಾ ಕನ್ವರ್ಟರ್ (ತಾಮ್ರದ ಸಂಕೇತವನ್ನು ಬೆಳಕಿಗೆ ತಿರುಗಿಸುವ ಡಬ್ಬಿ), ಒಂದು ತುಂಡು ಫೈಬರ್ ಹಾಕಿ. ಇಲ್ಲವೇ ಕ್ಯಾಮೆರಾವನ್ನು ವೈಫೈಗೆ ಬಿಡಿ.

600 ವಿಎ ಯುಪಿಎಸ್‌ನೊಳಗೆ ಸಾಮಾನ್ಯವಾಗಿ 12 ವೋಲ್ಟ್, 7 ಎಎಚ್ ಬ್ಯಾಟರಿ ಇರುತ್ತದೆ. ಸರ್ವರ್, ರೌಟರ್, ಫೈಬರ್ ಡಬ್ಬಿ ಸೇರಿ 35 ವ್ಯಾಟ್ ಆದರೆ ಹೊಸತರಲ್ಲಿ ಸುಮಾರು ಒಂದು ತಾಸು. ಎರಡು ವರ್ಷದ ಮೇಲೆ ಅರ್ಧ ತಾಸನ್ನೂ ನಂಬಬೇಡಿ. ಯುಎಸ್‌ಬಿ ಪೋರ್ಟ್ ಇರುವುದು ಸಿಕ್ಕರೆ 'ನಟ್' (NUT) ತಂತ್ರಾಂಶವೇ ಬ್ಯಾಟರಿ ಮುಗಿಯುವ ಮೊದಲು ಸರ್ವರನ್ನು ಸರಿಯಾಗಿ ಮಲಗಿಸುತ್ತದೆ. ಪೋರ್ಟ್ ಇಲ್ಲವೇ? ಒಂದು ವೈಫೈ ಪ್ಲಗ್ಗನ್ನು ಯುಪಿಎಸ್ಸೂ ಅಲ್ಲದ, ಇನ್ವರ್ಟರೂ ಅಲ್ಲದ ಸಾಕೆಟ್ಟಿಗೆ ಚುಚ್ಚಿ, ಸರ್ವರಿನಿಂದ ಪ್ರತಿ ನಿಮಿಷ ಅದನ್ನೂ ರೌಟರನ್ನೂ ಪಿಂಗ್ ಮಾಡಿಸಿ, ಅಂದರೆ 'ಇದ್ದೀಯಾ' ಎಂದು ಕೇಳಿಸಿ. ರೌಟರ್ ಓಗೊಟ್ಟು ಪ್ಲಗ್ ಐದು ನಿಮಿಷ ಸುಮ್ಮನಿದ್ದರೆ ಶಟ್‌ಡೌನ್. ಪ್ಲಗ್ಗನ್ನಷ್ಟೇ ಕೇಳಿದರೆ ರೌಟರ್ ಕೈಕೊಟ್ಟಾಗಲೂ ಸರ್ವರ್ ಮಲಗೀತು.

ಇಲ್ಲೊಂದು ತೊಡಕಿದೆ. ಬಯಾಸ್‌ನಲ್ಲಿ (ಕಂಪ್ಯೂಟರಿನ ಮೂಲ ಸೆಟ್ಟಿಂಗಿನಲ್ಲಿ) 'ಕರೆಂಟ್ ಬಂದೊಡನೆ ಚಾಲೂ' ಎಂದು ಇಟ್ಟಿದ್ದರೂ, ಯುಪಿಎಸ್ ಖಾಲಿಯಾಗುವ ಮೊದಲೇ ಕರೆಂಟ್ ಬಂದರೆ ಕಂಪ್ಯೂಟರಿಗೆ ಕರೆಂಟ್ ಹೋದದ್ದೇ ಗೊತ್ತಾಗಿರುವುದಿಲ್ಲ, ಅದು ಏಳುವುದಿಲ್ಲ. ಬಯಾಸ್‌ನಲ್ಲೇ ದಿನಾ ಬೆಳಿಗ್ಗೆ 6ಕ್ಕೆ ಅಲಾರಂ ಇಡಿ, ಅಥವಾ ರೌಟರಿನಿಂದ ವೇಕ್-ಆನ್-ಲ್ಯಾನ್ (ಕೇಬಲ್ ಮೂಲಕ ಎಬ್ಬಿಸುವ ಸಂಕೇತ) ಕಳಿಸಿ.

ಬ್ಯಾಕಪ್ಪಿಗೆ ಬಂದರೆ, ಎರಡು ಡಿಸ್ಕನ್ನು ಜೋಡಿ ಮಾಡಿಡುವ ರೇಡ್ ಎಂಬುದು ಬ್ಯಾಕಪ್ ಅಲ್ಲ. ಒಂದು ಡಿಸ್ಕಿನಲ್ಲಿ ಅಳಿಸಿದ್ದು ಅದೇ ಕ್ಷಣ ಇನ್ನೊಂದರಲ್ಲೂ ಅಳಿಯುತ್ತದೆ. ಓಡುತ್ತಿರುವ ಪೋಸ್ಟ್‌ಗ್ರೆಸ್ ಡೇಟಾಬೇಸಿನ ಫೋಲ್ಡರನ್ನು ಹಾಗೇ ಕಾಪಿ ಮಾಡಿದರೆ ಮರಳಿ ತೆರೆಯದೇ ಇರಬಹುದು; ಮೊದಲು ಡಂಪ್ (ಡೇಟಾಬೇಸಿನ ಪೂರ್ತಿ ನಕಲು ಫೈಲ್) ತೆಗೆದು, ಆಮೇಲೆ ರೆಸ್ಟಿಕ್ ಎಂಬ ಬ್ಯಾಕಪ್ ತಂತ್ರಾಂಶಕ್ಕೆ ಕೊಡಿ. ಎರಡನೆಯ ಪ್ರತಿ ಬೇರೆ ಊರಲ್ಲಿರಲಿ, ಗದಗದ ಬೀಗರ ಮನೆಯಾದರೂ ಆದೀತು. 500 ಜಿಬಿ ಕಳಿಸಲು 50 ಎಂಬಿಪಿಎಸ್ ಅಪ್‌ಲೋಡ್ ಪೂರ್ತಿ ಸಿಕ್ಕರೂ 22 ತಾಸು ಬೇಕು. ಮೊದಲ ಪ್ರತಿಯನ್ನು ಇಲ್ಲೇ ತೆಗೆದು ಡಿಸ್ಕನ್ನು ಬಸ್ಸಿನಲ್ಲಿ ಒಯ್ಯಿರಿ. ಮುಂದೆ ದಿನದಿನದ ಹೊಸ ಫೈಲಷ್ಟೇ ನೆಟ್ಟಿನಲ್ಲಿ ಹೋಗುತ್ತದೆ. ಅಲ್ಲಿ ರೆಸ್ಟಿಕ್ ಪ್ರತಿ ಪಡೆಯುವ ರೆಸ್ಟ್-ಸರ್ವರನ್ನು ಅಪೆಂಡ್-ಓನ್ಲಿ (ಸೇರಿಸಬಹುದು, ಅಳಿಸಲಾಗದು) ಮಾಡಿದರೆ ನಿಮ್ಮ ಸರ್ವರಿಗೆ ನುಗ್ಗಿದವರು ಹಳೆಯ ಪ್ರತಿ ಅಳಿಸಲಾರರು.

ಭದ್ರತೆಯಲ್ಲಿ ಹೆಚ್ಚಿನವರು ಎಡವುವುದು ಹೊರಗಿನಿಂದ ಸರ್ವರ್ ತಲುಪಲು ರೌಟರಿನಲ್ಲಿ ಪೋರ್ಟ್ (ನೆಟ್ಟಿನ ಬಾಗಿಲು) ತೆರೆಯುವಲ್ಲಿ. ರೌಟರಿನ ವ್ಯಾನ್ (ಹೊರಗಿನ ನೆಟ್ಟಿನ) ವಿಳಾಸ 100.64ರಿಂದ 100.127ರೊಳಗೆ ಇದ್ದರೆ ನೀವು ಸಿಜಿ-ನ್ಯಾಟ್ ಹಿಂದೆ ಇದ್ದೀರಿ, ಅಂದರೆ ಒಂದೇ ಪಬ್ಲಿಕ್ ವಿಳಾಸವನ್ನು ಹಲವು ಗ್ರಾಹಕರು ಹಂಚಿಕೊಂಡಿದ್ದೀರಿ; ಪೋರ್ಟ್ ಫಾರ್ವರ್ಡ್ ನಡೆಯದು, ಟೇಲ್‌ಸ್ಕೇಲ್ ಎಂಬ ವಿಪಿಎನ್ ಬಳಸಿ. ಪಬ್ಲಿಕ್ ಐಪಿ ಇದ್ದರೂ ವೈರ್‌ಗಾರ್ಡ್ ಎಂಬ ವಿಪಿಎನ್‌ನ ಒಂದು ಯುಡಿಪಿ ಪೋರ್ಟ್ ಸಾಕು. ಯುಎಫ್‌ಡಬ್ಲ್ಯು ಫೈರ್‌ವಾಲ್ ಹಾಕಿದ್ದೇನೆಂದು ನಿಶ್ಚಿಂತರಾಗಬೇಡಿ: ತಂತ್ರಾಂಶಗಳನ್ನು ಬೇರೆ ಬೇರೆ ಪೆಟ್ಟಿಗೆಯಲ್ಲಿಟ್ಟು ಓಡಿಸುವ ಡಾಕರ್ ತೆರೆದ ಪೋರ್ಟ್ ಅದನ್ನು ದಾಟಿ ಹೋಗುತ್ತದೆ, ಆದ್ದರಿಂದ ಡಾಕರ್ ಸೆಟ್ಟಿಂಗಿನಲ್ಲಿ ಪೋರ್ಟ್ ಮುಂದೆ 127.0.0.1 (ಈ ಯಂತ್ರದೊಳಗಷ್ಟೇ ಎಂಬ ವಿಳಾಸ) ಬರೆಯಿರಿ. ದೂರದಿಂದ ಸರ್ವರಿಗೆ ಲಾಗಿನ್ ಆಗುವ ಎಸ್‌ಎಸ್‌ಎಚ್‌ಗೆ ಕೀ ಫೈಲ್ ಮಾತ್ರ, ಪಾಸ್‌ವರ್ಡ್ ಬಂದ್.

ಮೂರು ತಿಂಗಳಿಗೊಮ್ಮೆ ಬೇರೆ ಲ್ಯಾಪ್‌ಟಾಪಿನಲ್ಲಿ ಒಂದು ಆಲ್ಬಂ ಮರಳಿ ತೆಗೆದು ನೋಡಿ. ರೆಸ್ಟಿಕ್ ಪಾಸ್‌ವರ್ಡ್ ಸರ್ವರಿನಲ್ಲಷ್ಟೇ ಇದ್ದರೆ, ಸರ್ವರ್ ಸುಟ್ಟ ದಿನ ಬೀಗರ ಮನೆಯ ಡಿಸ್ಕೂ ತೆರೆಯುವುದಿಲ್ಲ. ಕಾಗದದಲ್ಲಿ ಬರೆದು ಮನೆಯ ಹೊರಗೆ, ಆ ಡಿಸ್ಕಿನ ಜೊತೆಗಲ್ಲ, ಬ್ಯಾಂಕ್ ಲಾಕರಿನಂಥ ಕಡೆ ಇಡಿ.