ಹನ್ನೆರಡನೆಯ ಕೆಲಸ ಮೊದಲು

ಸಂಜೆ ಕಚೇರಿಯಿಂದ ಹೊರಡುವಾಗ ಪಟ್ಟಿಯ ಮೇಲೆ ಕಣ್ಣಾಡಿಸುತ್ತೀರಿ. ಹನ್ನೊಂದು ಕೆಲಸಗಳ ಮೇಲೆ ಗೆರೆ ಬಿದ್ದಿದೆ. ಹನ್ನೆರಡನೆಯದು ಬೆಳಿಗ್ಗೆ ಬರೆದಂತೆಯೇ ಕುಳಿತಿದೆ. ನಿಜ ಹೇಳಬೇಕೆಂದರೆ ಇವತ್ತು ಆಗಲೇಬೇಕಿದ್ದದ್ದು ಅದೊಂದೇ. ಉಳಿದ ಹನ್ನೊಂದು, ಅದನ್ನು ಮುಟ್ಟದಿರಲು ಸಿಕ್ಕ ನೆಪಗಳು. ಇದು ಸೋಮಾರಿಗಳ ಕಾಯಿಲೆ ಎಂದುಕೊಳ್ಳಬೇಡಿ, ಚುರುಕಾಗಿ ದುಡಿಯುವವರಿಗೇ ಹೆಚ್ಚು ಅಂಟುತ್ತದೆ. ಪಟ್ಟಿ ಬರೆಯುವುದು ಸುಲಭ. ಇವತ್ತು ಯಾವುದನ್ನು ಮಾಡುವುದಿಲ್ಲ ಎಂದು ತೀರ್ಮಾನಿಸುವುದು ಕಷ್ಟ. ಆದ್ಯತೆ ಎಂಬ ಮಾತಿಗೆ ಅರ್ಥ ಬರುವುದು ಅಲ್ಲಿಯೇ.

ಹಿಂದಿನ ಸಂಜೆಯೇ ತಲೆ ಖಾಲಿ ಮಾಡಿ

ಬೆಳಿಗ್ಗೆ ಬಂದು ಪಟ್ಟಿ ಬರೆಯಲು ಕುಳಿತರೆ ಅಷ್ಟರಲ್ಲಿ ನಾಲ್ಕು ಇಮೇಲ್‌ಗಳು ನಿಮ್ಮ ದಿನವನ್ನು ಬರೆದು ಮುಗಿಸಿರುತ್ತವೆ. ಆದ್ದರಿಂದ ಹೊರಡುವ ಮುನ್ನ ಹತ್ತು ನಿಮಿಷ ಕುಳಿತು, ಬಾಕಿ ಇರುವುದನ್ನೆಲ್ಲ ಕಾಗದಕ್ಕಿಳಿಸಿ. ಮುಗಿಸಿದ ಕೆಲಸಕ್ಕಿಂತ ಅರ್ಧಕ್ಕೆ ನಿಂತ ಕೆಲಸವೇ ನೆನಪಿನಲ್ಲಿ ಹೆಚ್ಚು ಉಳಿಯುತ್ತದೆ ಎಂದು ಮನೋವಿಜ್ಞಾನಿ ಬ್ಲೂಮಾ ಝೈಗಾರ್ನಿಕ್ 1927ರಲ್ಲೇ ಬರೆದಿದ್ದರು. ಬಾಕಿ ಕೆಲಸದ ಈ ಕಾಟದಿಂದ ಪಾರಾಗಲು ಅದನ್ನು ಮುಗಿಸಲೇಬೇಕೆಂದಿಲ್ಲ, ಯಾವಾಗ, ಹೇಗೆ ಮಾಡುತ್ತೇನೆಂದು ಖಚಿತವಾಗಿ ಗೊತ್ತುಮಾಡಿಕೊಂಡರೂ ಸಾಕು ಎಂಬುದನ್ನು 2011ರಲ್ಲಿ ಮಾಸಿಕ್ಯಾಂಪೊ ಮತ್ತು ಬೌಮೈಸ್ಟರ್ ಎಂಬ ಮನೋವಿಜ್ಞಾನಿಗಳು ತೋರಿಸಿದರು. ರಾತ್ರಿ ನಿದ್ದೆಗೂ ಇದು ಒಳ್ಳೆಯದು.

ಬರೆಯುವಾಗ ಒಂದು ಎಚ್ಚರ: 'ವಾರ್ಷಿಕ ವರದಿ' ಎಂದು ಬರೆದರೆ ಅದು ಕೆಲಸವಲ್ಲ, ಬೆದರಿಕೆ. 'ವರದಿಯ ಮೂರನೇ ಅಧ್ಯಾಯಕ್ಕೆ ಅಂಕಿ ಅಂಶ ಕಲೆಹಾಕುವುದು' ಎಂದು ಬರೆಯಿರಿ. ಸಾಲಿನ ಕೊನೆಗೆ ಕ್ರಿಯಾಪದ ಇಲ್ಲದಿದ್ದರೆ ಆ ಸಾಲು ನಾಳೆಯೂ ಅಲ್ಲೇ ಇರುತ್ತದೆ. ವರ್ಷದ ಗುರಿ, ತಿಂಗಳ ಗುರಿ ಎಂದೆಲ್ಲ ಹೇಳುತ್ತೇವಲ್ಲ, ಅವು ನಾಳೆಯ ಪಟ್ಟಿಯಲ್ಲಿ ಹೀಗೊಂದು ಸಣ್ಣ ಕ್ರಿಯೆಯಾಗಿ ಇಳಿಯದಿದ್ದರೆ ಗೋಡೆಯ ಮೇಲಿನ ಅಲಂಕಾರವಷ್ಟೇ.

ತುರ್ತು ಯಾರದು?

ಈಗ ವಿಂಗಡಣೆ. ಅಮೆರಿಕದ ಅಧ್ಯಕ್ಷರಾಗಿದ್ದ ಐಸೆನ್‌ಹೋವರ್ 1954ರ ಭಾಷಣವೊಂದರಲ್ಲಿ, ಸಮಸ್ಯೆಗಳು ಎರಡು ಬಗೆ, ತುರ್ತಿನವು ಮತ್ತು ಮುಖ್ಯವಾದವು, ತುರ್ತಿನದು ಮುಖ್ಯವಲ್ಲ, ಮುಖ್ಯವಾದದ್ದು ಎಂದೂ ತುರ್ತಲ್ಲ ಎಂಬರ್ಥದ ಮಾತು ಹೇಳಿದ್ದರು. ಅದೂ ಸ್ವಂತದ್ದಲ್ಲ, ಕಾಲೇಜೊಂದರ ಮಾಜಿ ಅಧ್ಯಕ್ಷರ ಮಾತು ಎಂದೇ ಉಲ್ಲೇಖಿಸಿದ್ದರು. ಕೆಲಸಗಳನ್ನು ತುರ್ತು, ಮುಖ್ಯ ಎಂದು ವಿಂಗಡಿಸಲು ಐಸೆನ್‌ಹೋವರ್ ಹೆಸರಿನಲ್ಲಿ ಇಂದು ಎಲ್ಲೆಡೆ ಓಡಾಡುವ ನಾಲ್ಕು ಚೌಕಗಳ ಚಿತ್ರ ಮುಂದೆ ಬಂದವರ ಕೈಚಳಕ.

ಚೌಕ ಬರೆಯುವ ಶ್ರದ್ಧೆ ನಿಮಗಿದ್ದರೆ ಬರೆಯಿರಿ, ನನಗಿಲ್ಲ. ಪ್ರತಿ ಸಾಲಿನ ಮುಂದೆ ಎರಡೇ ಪ್ರಶ್ನೆ ಕೇಳಿಕೊಂಡರೆ ಸಾಕು. ಇದು ನಾಳೆ ಆಗದಿದ್ದರೆ ಯಾರಿಗೆ ತೊಂದರೆ? ಆ ತೊಂದರೆ ತಟ್ಟುವುದು ಯಾವಾಗ? ಉತ್ತರ 'ಯಾರಿಗೂ ಇಲ್ಲ' ಎಂದಾದರೆ ಆ ಸಾಲನ್ನು ಧೈರ್ಯವಾಗಿ ಹೊಡೆದುಹಾಕಿ. 'ಕೇಳಿದವರಿಗೆ ಬೇಸರವಾಗುತ್ತದೆ' ಎಂದಾದರೆ ಅದು ಅವರ ತುರ್ತು, ನಿಮ್ಮದಲ್ಲ. ಮಧ್ಯಾಹ್ನದ ನಂತರಕ್ಕೆ ತಳ್ಳಿ. 'ಈಗ ಯಾರಿಗೂ ಇಲ್ಲ, ಮೂರು ತಿಂಗಳ ನಂತರ ಎಲ್ಲರಿಗೂ' ಎಂಬ ಉತ್ತರ ಬಂದ ಸಾಲಿಗೆ ಮಾತ್ರ ಸುತ್ತು ಹಾಕಿ. ಬೆಂಕಿ ಬೀಳುವ ಮೊದಲೇ ತೋಡಬೇಕಾದ ಬಾವಿ ಅದು. ಗಂಟೆ ಬಾರಿಸಿ ನೆನಪಿಸುವವರು ಯಾರೂ ಇಲ್ಲದ್ದರಿಂದಲೇ ಅದು ಸದಾ ಹನ್ನೆರಡನೆಯ ಸ್ಥಾನದಲ್ಲಿರುತ್ತದೆ.

ಗಡುವು ಎಂಬ ಪದಕ್ಕೆ ಎಂಥ ಮಾಯೆ ಇದೆಯೆಂದರೆ, 2018ರಲ್ಲಿ ಪ್ರಕಟವಾದ ಪ್ರಯೋಗಗಳಲ್ಲಿ ಜನರು ಹೆಚ್ಚು ಲಾಭದ ಕೆಲಸ ಬಿಟ್ಟು, ಕಡಿಮೆ ಲಾಭದ್ದಾದರೂ ಸಮಯ ಮೀರಿಹೋಗುವಂತೆ ಕಂಡ ಕೆಲಸವನ್ನೇ ಆರಿಸಿಕೊಂಡರು. ಆ ಅವಸರವೋ, ಬರೀ ತೋರಿಕೆಯದು.

ಗಂಟೆಗಳನ್ನು ಎಣಿಸಿ

ಹೆಚ್ಚಿನ ಪಟ್ಟಿಗಳು ಸೋಲುವುದು ಇಲ್ಲಿ. ಎಂಟು ಗಂಟೆಯ ದಿನದಲ್ಲಿ ಸಭೆ, ಊಟ, ಫೋನು, 'ಒಂದು ನಿಮಿಷ ಇದೆಯಾ' ಎಂದು ಬರುವವರು ಇವನ್ನೆಲ್ಲ ಕಳೆದು ನೋಡಿ. ಕೈಗೆ ನಾಲ್ಕು ಗಂಟೆ ಉಳಿದರೆ ಅದೃಷ್ಟ. ಹಾಸಿಗೆ ಅಷ್ಟೇ, ಕಾಲು ಚಾಚುವುದೂ ಅಷ್ಟೇ ಇರಲಿ.

ಪ್ರತಿ ಕೆಲಸಕ್ಕೆ ಎಷ್ಟು ಹೊತ್ತು ಹಿಡಿಯುತ್ತದೆಂದು ಬರೆದು, ಅದಕ್ಕೆ ಅರ್ಧದಷ್ಟು ಸೇರಿಸಿ. ಅತಿಯಾಯಿತೆನಿಸಿದರೆ ಈ ಲೆಕ್ಕ ಕೇಳಿ. ಪ್ರಬಂಧ ಮುಗಿಸಲು ಎಷ್ಟು ದಿನ ಬೇಕೆಂದು ವಿದ್ಯಾರ್ಥಿಗಳನ್ನು ಕೇಳಿ ನಡೆಸಿದ ಅಧ್ಯಯನವೊಂದು 1994ರಲ್ಲಿ ಪ್ರಕಟವಾಯಿತು. ಅವರ ಅಂದಾಜು ಸರಾಸರಿ ಸುಮಾರು 34 ದಿನ, ಹಿಡಿದದ್ದು ಸುಮಾರು 55. ಎಲ್ಲವೂ ಕೈಕೊಟ್ಟರೆ ಎಷ್ಟಾಗಬಹುದು ಎಂದು ಕೇಳಿದಾಗಲೂ ಅವರು ಹೇಳಿದ್ದು 49ರ ಆಸುಪಾಸು. ನಮ್ಮ ನಿರಾಶಾವಾದಕ್ಕೂ ಇಷ್ಟೊಂದು ಆಶಾವಾದ!

ಈ ಲೆಕ್ಕ ಮುಗಿದ ಮೇಲೆ ನಾಳೆಗೆ ಎಷ್ಟು ಸಾಲು ಉಳಿಯಬೇಕು? 1918ರ ಸುಮಾರಿಗೆ ಐವಿ ಲೀ ಎಂಬ ಸಲಹೆಗಾರ ಉಕ್ಕು ಉದ್ಯಮಿ ಚಾರ್ಲ್ಸ್ ಶ್ವಾಬ್‌ಗೆ, ಆರು ಕೆಲಸ ಬರೆದು, ಮುಖ್ಯವಾದದ್ದರಿಂದ ಒಂದೊಂದಾಗಿ ಮುಗಿಸಿ ಎಂದು ಸಲಹೆ ಕೊಟ್ಟು 25,000 ಡಾಲರ್ ಪಡೆದನೆಂಬ ಕಥೆಯಿದೆ. ಚೆಕ್ಕಿನ ಮೊತ್ತಕ್ಕೆ ಹೇಳುವವರ ಉತ್ಸಾಹವೂ ಸೇರಿರಬಹುದು, ಸಲಹೆ ಮಾತ್ರ ಗಟ್ಟಿ. ನನ್ನ ಮಟ್ಟಿಗೆ ಆರು ಹೆಚ್ಚಾಯಿತು. ಸುತ್ತು ಹಾಕಿದ್ದು ಒಂದು, ಅದರ ಜೊತೆ ಎರಡು. ಉಳಿದವು ಬೇರೆ ಹಾಳೆಗೆ.

ದಿನ ಶುರುವಾದ ಮೇಲೆ

ಸುತ್ತು ಹಾಕಿದ ಕೆಲಸವನ್ನು ತಲೆ ಚೆನ್ನಾಗಿ ಓಡುವ ಹೊತ್ತಿಗೆ ಇಡಿ. ಅನೇಕರಿಗೆ ಅದು ಬೆಳಿಗ್ಗೆ, ಕೆಲವರಿಗೆ ಸಂಜೆ. ಮೊದಲ ಒಂದು ಗಂಟೆ ಇಮೇಲ್ ತೆರೆಯದಿರಿ. ಒಂದು ಕೆಲಸ ಅರ್ಧಕ್ಕೆ ಬಿಟ್ಟು ಇನ್ನೊಂದಕ್ಕೆ ಜಿಗಿದಾಗ ಗಮನದ ಒಂದು ಪಾಲು ಹಿಂದಿನದಕ್ಕೇ ಅಂಟಿಕೊಂಡಿರುತ್ತದೆ ಎಂದು ಸಂಶೋಧಕಿ ಸೋಫಿ ಲೆರಾಯ್ 2009ರಲ್ಲಿ ತೋರಿಸಿದ್ದಾರೆ. ಸಂದೇಶಗಳಿಗೆ ದಿನಕ್ಕೆ ಎರಡು ಮೂರು ಹೊತ್ತು ಗೊತ್ತುಮಾಡಿ. ಗ್ರಾಹಕರ ಕರೆಗೆ ತಕ್ಷಣ ಉತ್ತರಿಸುವುದೇ ನಿಮ್ಮ ಉದ್ಯೋಗವಾದರೆ ಈ ಮಾತು ನಿಮಗಲ್ಲ.

ಹನ್ನೊಂದು ಗಂಟೆಗೆ ಮೇಲಧಿಕಾರಿ ಹೊಸ ಕೆಲಸ ತಂದಿಡುತ್ತಾರೆ. ಇಡದಿದ್ದರೆ ಅವರು ಮೇಲಧಿಕಾರಿಯೇ ಅಲ್ಲ. ಆಗುವುದಿಲ್ಲ ಎನ್ನಲು ಎಲ್ಲರಿಗೂ ಸಾಧ್ಯವಿಲ್ಲ. ಮೂರು ಸಾಲಿನ ಪಟ್ಟಿ ತೋರಿಸಿ, 'ಇದನ್ನು ಇವತ್ತೇ ಮಾಡುತ್ತೇನೆ, ಇವುಗಳಲ್ಲಿ ಯಾವುದನ್ನು ನಾಳೆಗೆ ಬಿಡಲಿ?' ಎಂದು ಕೇಳಬಹುದು. ಎಷ್ಟೋ ಬಾರಿ 'ಹಾಗಾದರೆ ಇದೇ ನಾಳೆ ಆಗಲಿ' ಎಂಬ ಉತ್ತರ ಬರುತ್ತದೆ. ಬರದಿದ್ದರೂ, ಏನು ತಪ್ಪಿಹೋಯಿತೆಂದು ಇಬ್ಬರಿಗೂ ಗೊತ್ತಿರುತ್ತದೆ.

ಸಂಜೆ ಮತ್ತೆ ಅದೇ ಹತ್ತು ನಿಮಿಷ. ಮೂರು ದಿನ ಸತತವಾಗಿ ಮುಂದಕ್ಕೆ ಹೋದ ಸಾಲಿದ್ದರೆ ನಾಲ್ಕನೆಯ ಬಾರಿ ನಕಲು ಮಾಡಬೇಡಿ. ತೀರಾ ದೊಡ್ಡದಿದ್ದರೆ ಒಡೆಯಿರಿ, ಬೇರೆಯವರದಾದರೆ ಒಪ್ಪಿಸಿ, ಬೇಡದ್ದಾದರೆ ಅಳಿಸಿ. ಈ ಮೂರರಲ್ಲಿ ಯಾವುದೂ ಅಲ್ಲ, ಸುಮ್ಮನೆ ಮಾಡಲು ಮನಸ್ಸಿಲ್ಲ ಎಂದಾದರೆ ಅದಕ್ಕೇ ಸುತ್ತು ಹಾಕಿ, ನಾಳೆ ಬೆಳಗಿನ ಮೊದಲ ಗಂಟೆಯನ್ನು ಕೊಡಿ.