ಎದೆಯ ಮೇಲೊಂದು ಗಂಡಭೇರುಂಡ: ರಬ್ಬರ್ ಹಾಲಿನ ಎರಕ ಹೀಗೆ

ಶಾಲೆಯ ವೇಷ ಸ್ಪರ್ಧೆಗೆ ಅಕ್ಕನ ಮಗ ಸೂಪರ್‌ಹೀರೊ ಆಗಬೇಕಿತ್ತು. ಅಂಗಿಗೆ ಅಂಟಿಸಿದ ರಟ್ಟಿನ ಲಾಂಛನ ಒಂದೇ ಜಿಗಿತಕ್ಕೆ ಮುರಿದು ಬಿತ್ತು. ಮೈ ಬಾಗಿದಂತೆ ತಾನೂ ಬಾಗುವ ಲಾಂಛನ ಬೇಕಾದರೆ ಲ್ಯಾಟೆಕ್ಸ್, ಅಂದರೆ ರಬ್ಬರ್ ಹಾಲಿನಲ್ಲಿ ಎರಕ ತೆಗೆಯಬೇಕು. ನಾವು ಆರಿಸಿಕೊಂಡದ್ದು ವಿಜಯನಗರದ ಅಚ್ಯುತದೇವರಾಯ ನಾಣ್ಯದ ಮೇಲೆ ಅಚ್ಚೊತ್ತಿಸಿದ ಗಂಡಭೇರುಂಡವನ್ನು. ಆನೆಗೊಂದಿ ಇರುವ ಕೊಪ್ಪಳ ಜಿಲ್ಲೆಯ ಹುಡುಗನಿಗೆ ಅದೇ ಒಪ್ಪುತ್ತದೆ.

ಮೊದಲು ಮಾದರಿ. ಗಾಜಿನ ತುಂಡಿನ ಮೇಲೆ ಮಕ್ಕಳ ಬಣ್ಣದ ಕ್ಲೇಯಲ್ಲಿ ಹಕ್ಕಿಯನ್ನು ತಿದ್ದಿ. ಗಣಪತಿ ಮಾಡುವ ಜೇಡಿಮಣ್ಣು ನಮ್ಮ ಬಿಸಿಲಿಗೆ ಬೇಗ ಬಿರಿಯುತ್ತದೆ. ಕಿನ್ನಾಳದ ಚಿತ್ರಗಾರರು ಗೊಂಬೆಯ ಮೈಮೇಲೆ ಕಲ್ಲುಪುಡಿ, ಅಂಟು ಕಲಸಿ ಒಡವೆಗಳನ್ನು ಉಬ್ಬಿಸುತ್ತಾರಲ್ಲ, ಅದನ್ನು ನೆನಪಿಸಿಕೊಳ್ಳಿ: ಉಬ್ಬು ಸಣ್ಣದೇ, ಆದರೆ ಅಂಚು ಖಚಿತ. ಅರ್ಧ ಸೆಂಟಿಮೀಟರ್ ಎತ್ತರ ಸಾಕು. ರಬ್ಬರ್ ಒಣಗುವಾಗ ತುಸು ಕುಗ್ಗುವುದರಿಂದ ಅಳತೆ ಸ್ವಲ್ಪ ದೊಡ್ಡದಿರಲಿ. ಅಕ್ಷರವಿದ್ದರೆ ನೇರವಾಗಿಯೇ ಬರೆಯಿರಿ, ಎರಕದಲ್ಲೂ ನೇರವಾಗಿಯೇ ಬರುತ್ತದೆ.

ಸುತ್ತ ರಟ್ಟಿನ ಗೋಡೆ ಕಟ್ಟಿ, ಸಂದುಗಳಿಗೆ ಕ್ಲೇ ಮೆತ್ತಿ. 1 ಲೋಟ ನೀರಿಗೆ 2 ಲೋಟ ಪ್ಲಾಸ್ಟರ್ ಆಫ್ ಪ್ಯಾರಿಸ್ ಉದುರಿಸಿ. ಪುಡಿಗೆ ನೀರು ಸುರಿದರೆ ಗಂಟಾಗುತ್ತದೆ. ನಿಧಾನವಾಗಿ ಕದಡಿ ಮಾದರಿಯ ಮೇಲೆ ಸುರಿದು, ಗುಳ್ಳೆ ಏಳುವಂತೆ ಮೇಜನ್ನು ಮೆಲ್ಲಗೆ ತಟ್ಟಿ. ಗಟ್ಟಿಯಾಗುವಾಗ ಅದು ಬಿಸಿಯಾಗುತ್ತದೆ, ಮಕ್ಕಳು ಕೈ ಅದ್ದದಂತೆ ನೋಡಿಕೊಳ್ಳಿ. ಉಳಿದದ್ದನ್ನು ಬಚ್ಚಲಿಗೆ ಚೆಲ್ಲಬೇಡಿ, ಕೊಳವೆ ಕಟ್ಟುತ್ತದೆ. ಕ್ಲೇ ಬಿಡಿಸಿದ ಮೇಲೆ ಅಚ್ಚು ಪೂರ್ತಿ ಒಣಗಲಿ. ಅದಕ್ಕೆ ನಮ್ಮ ಬೇಸಿಗೆ ಹೇಳಿ ಮಾಡಿಸಿದಂತಿದೆ. ಒಣ ಪ್ಲಾಸ್ಟರ್ ಹಾಲಿನ ನೀರನ್ನು ಹೀರಿಕೊಂಡರೇನೇ ರಬ್ಬರ್ ಚೆನ್ನಾಗಿ ಕೂರುವುದು.

ಹಾಲು ಕೊಳ್ಳುವಾಗ ‘ಪ್ರಿ-ವಲ್ಕನೈಸ್ಡ್’, ಅಂದರೆ ಮೊದಲೇ ಹದಗೊಳಿಸಿದ ಹಾಲು ಎಂದೇ ಕೇಳಿ. ಮರದಿಂದ ಇಳಿಸಿದ ಹಸಿ ಹಾಲು ಒಣಗಿದರೂ ಅಂಟಂಟಾಗಿರುತ್ತದೆ, ಬಲವಿರುವುದಿಲ್ಲ. ಅಮೋನಿಯದ ಘಾಟು ಕಣ್ಣಿಗೆ ಹೊಡೆಯುವುದರಿಂದ ಕಿಟಕಿ, ಬಾಗಿಲು ತೆರೆದಿಡಿ. ರಬ್ಬರ್ ಕೈಗವಸು, ಬಲೂನು ತಾಗಿದರೆ ಮೈ ತುರಿಸುವ ಮಕ್ಕಳಿಗೆ ಈ ಲಾಂಛನ ಬೇಡವೇ ಬೇಡ.

ಬ್ರಷ್ಷನ್ನು ಮೊದಲು ಸೋಪಿನ ನೀರಲ್ಲಿ ಅದ್ದಿ ಹಿಂಡಿ, ಇಲ್ಲದಿದ್ದರೆ ಅದನ್ನು ಎಸೆಯಬೇಕಾದೀತು. ಅಚ್ಚಿನೊಳಗೆ ಬಳಿಯುವ ಮೊದಲ ಪದರ ತೆಳ್ಳಗಿರಲಿ, ಕೊಕ್ಕು, ಗರಿಯ ಗೆರೆಗಳೊಳಗೆಲ್ಲ ಹೋಗಲಿ. ಬಿಳಿ ಹಾಲು ತಿಳಿ ಬೆಲ್ಲದ ಬಣ್ಣಕ್ಕೆ ತಿರುಗಿದಾಗಲೇ ಎರಡನೆಯದು. ಹೀಗೆ ಆರೇಳು ಪದರ. ಅವಸರದಲ್ಲಿ ನಾನು ಒಮ್ಮೆಗೇ ದಪ್ಪಗೆ ಸುರಿದು ಬಿಸಿಲಿಗಿಟ್ಟಿದ್ದೆ. ಮೇಲೆ ಕೆನೆ ಕಟ್ಟಿತು, ಒಳಗೆ ಹಸಿಯೇ ಉಳಿಯಿತು. ಎಳೆದಾಗ ಎರಡು ತಲೆ ಕವಲೊಡೆಯುವ ಜಾಗದಲ್ಲೇ ಚರ್ರೆಂದಿತು. “ಮಾಮಾ, ಕುತ್ತಿಗಿ ಹರದೈತಿ!” ಎಂದ ಹುಡುಗನ ಮುಖ ನೋಡಲಾಗಲಿಲ್ಲ. ಮರುಸಲ ಮೂರನೇ ಪದರದ ಮೇಲೆ ಆ ಕವಲಿಗೆ ಮಾತ್ರ ಎರಡು ಬೆರಳಗಲದ ಬ್ಯಾಂಡೇಜ್ ಬಟ್ಟೆ ಹಾಸಿ, ಮೇಲೆ ಹಾಲು ಬಳಿದೆ. ನೆರಳಲ್ಲೇ ಒಣಗಿಸಿದೆ. ಈಗ ಎಷ್ಟು ಜಗ್ಗಿದರೂ ಹರಿಯುವುದಿಲ್ಲ.

ಅಚ್ಚಿನಿಂದ ಬಿಡಿಸುವ ಮುನ್ನ ರಬ್ಬರಿನ ಬೆನ್ನಿಗೆ ಟಾಲ್ಕಂ ಪೌಡರ್ ಹಾಕಿ, ಅಂಚಿನಿಂದ ಎಬ್ಬಿಸುತ್ತ ಒಳಮೈಗೂ ಉದುರಿಸುತ್ತ ಹೋಗಿ. ಪೌಡರ್ ಇಲ್ಲದ ರಬ್ಬರ್ ಮಡಚಿ ತನಗೆ ತಾನೇ ಅಂಟಿಕೊಂಡರೆ ಬಿಡಿಸಲಾಗದು.

ಬಣ್ಣಕ್ಕೆ ಮುನ್ನ ಪೌಡರ್ ತೊಳೆಯಿರಿ. ಬರೀ ಅಕ್ರಿಲಿಕ್ ಬಳಿದರೆ ಬಾಗಿಸಿದಾಗ ಬಿರುಕು ಬಿಡುತ್ತದೆ, ಅದಕ್ಕೆ ಅದೇ ಹಾಲನ್ನು ಬೆರೆಸಿ. ಹತ್ತಿ ಅಂಗಿಗೆ ಅಂಟಿಸಲೂ ಆ ಹಾಲೇ ಸಾಕು: ಬಟ್ಟೆಗೂ ಲಾಂಛನದ ಬೆನ್ನಿಗೂ ಹಚ್ಚಿ, ಒಣಗುತ್ತ ಬಂದಾಗ ಒತ್ತಿ. ಅಂಗಿಯೊಳಗೆ ಪ್ಲಾಸ್ಟಿಕ್ ಹಾಳೆ ಇಡದಿದ್ದರೆ ಮುಂದೂ ಹಿಂದೂ ಅಂಟಿಕೊಳ್ಳುತ್ತವೆ.

ರಬ್ಬರಿಗೆ ಎಣ್ಣೆ ಆಗದು. ತಲೆಗೆ ಕೊಬ್ಬರಿ ಎಣ್ಣೆ ಹಚ್ಚಿದ ಕೈಯಲ್ಲಿ ಲಾಂಛನ ಮುಟ್ಟಗೊಡಬೇಡಿ. ತಣ್ಣೀರಲ್ಲಿ ಒಗೆದು ನೆರಳಲ್ಲಿ ಹರವಿ. ಅಚ್ಚನ್ನು ಹಳೇ ಪತ್ರಿಕೆಯಲ್ಲಿ ಸುತ್ತಿಡಿ, ಓಣಿಯ ಉಳಿದ ಹುಡುಗರೂ ಕೇಳಿಕೊಂಡು ಬರುತ್ತಾರೆ.